ಪಿಕ್‌ಫೋರ್ಡ್ ಮತ್ತು ಡಾರ್ಲಿಂಗ್ಟನ್

ಇಂಗ್ಲೆಂಡ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫೋರ್ಡ್ ಡಾರ್ಲಿಂಗ್ಟನ್ ಫುಟ್‌ಬಾಲ್ ಕ್ಲಬ್‌ನಲ್ಲಿ ಪೂರ್ತಿ ಸೀಸನ್ ಆಡಿದ್ರಾ ಅಂತ ಕೇಳಿದ್ದೀರಿ. ಇಲ್ಲ, ಅರ್ಧ ಸೀಸನ್ ಮಾತ್ರ. 2012ರ ಜನವರಿಯಲ್ಲಿ ತಮ್ಮ ಕ್ಲಬ್ ಸಂಡರ್‌ಲ್ಯಾಂಡ್‌ನಿಂದ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಬಂದು 17 ಪಂದ್ಯ ಆಡಿದರು, ಬಂದಾಗ ವಯಸ್ಸೂ 17. ಅದು ಇಂಗ್ಲಿಷ್ ಫುಟ್‌ಬಾಲ್‌ನ ಐದನೇ ಹಂತದ ಲೀಗ್, ಕಾನ್ಫರೆನ್ಸ್ ಪ್ರೀಮಿಯರ್. ಅದೇ ತಿಂಗಳು ಡಾರ್ಲಿಂಗ್ಟನ್ ಸಾಲದಿಂದ ಅಡ್ಮಿನಿಸ್ಟ್ರೇಷನ್‌ಗೆ (ದಿವಾಳಿಯಂಚಿನ ಕ್ಲಬ್ಬನ್ನು ಹೊರಗಿನ ಆಡಳಿತಗಾರರು ನಡೆಸುವ ವ್ಯವಸ್ಥೆ) ಹೋಗಿ ಲೀಗ್‌ನಲ್ಲಿ 10 ಅಂಕ ಕಳಕೊಂಡಿತು, ಕೊನೆಗೆ ಕೆಳಗಿನ ಹಂತಕ್ಕಿಳಿಯಿತು. ಹಾಗಾಗಿ ಬಿಟ್ಟುಕೊಟ್ಟ ಗೋಲುಗಳನ್ನಷ್ಟೇ ಎಣಿಸಿ ಆ ಹುಡುಗನನ್ನು ಅಳೆಯುವುದು ಅನ್ಯಾಯ.

ಆ ಹಂತದಲ್ಲಿ ಗೋಲ್‌ಕೀಪರ್‌ಗೆ ನಿಜವಾದ ಪರೀಕ್ಷೆ ಕಾರ್ನರ್ ಕಿಕ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಚೆಂಡು. ಎತ್ತರದ ಚೆಂಡು ಬರುವಾಗ ದೊಡ್ಡಾಳುಗಳು ಮೈಮೇಲೇ ಬಂದು ನಿಲ್ಲುತ್ತಾರೆ. ಗೋಲ್ ಗೆರೆ ಬಿಟ್ಟು ಹೊರಬರಲು ಕ್ಷಣ ತಡವಾದರೆ ದಾರಿ ಮುಚ್ಚಿತು. ಹಿಡಿಯಲಾಗದಿದ್ದರೆ ಮುಷ್ಟಿಯಿಂದ ಗುದ್ದಿ ಪಕ್ಕಕ್ಕೆ ಕಳಿಸಬೇಕು, ನೇರ ಮುಂದಕ್ಕಲ್ಲ. ಯೂತ್ ಪಂದ್ಯಗಳಲ್ಲಿ ಈ ಅನುಭವ ಸಿಗದು. ಮರುವರ್ಷ ಪಿಕ್‌ಫೋರ್ಡ್ ಆಲ್‌ಫ್ರೆಟನ್ ಟೌನ್ ಕ್ಲಬ್‌ಗೂ 12 ಪಂದ್ಯ ಆಡಿದ್ದಾರೆ, ಅದನ್ನೂ ನೋಡಿ.