ಗಾರ್‌ಸ್ಟಾಂಗಿನವರು ಮಾಡಿದ್ದೇನು?

ಸಕಲೇಶಪುರ ಕಡೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 'ಫೇರ್‌ಟ್ರೇಡ್ ಊರು' ಅಂತ ಇಂಗ್ಲೆಂಡಿನ ಗಾರ್‌ಸ್ಟಾಂಗನ್ನು ನಾಲ್ಕು ಸಾಲಲ್ಲಿ ಹೊಗಳಿದ್ದೀರಿ. ನಮ್ಮದು ಆರು ಎಕರೆ ರೋಬಸ್ಟಾ ಕಾಫಿ ತೋಟ. ಅಲ್ಲಿಯವರು ನಾಲ್ಕು ಕಾಸು ಹೆಚ್ಚು ಕೊಟ್ಟು ಚಾಕಲೇಟು ತಿಂದರೆ ಇಲ್ಲಿ ನಮ್ಮ ಮೂಟೆಯ ರೇಟು ಏರುತ್ತದೆಯೇ? ಉಳ್ಳವರು ಪುಣ್ಯ ಕಟ್ಟಿಕೊಳ್ಳಲು ಬೆಳೆಗಾರನ ಹೆಸರೇಕೆ? ಅಷ್ಟಕ್ಕೂ ಆ ಊರಿನವರು ಮಾಡಿದ್ದೇನು? ನಮ್ಮೂರಲ್ಲಿ ಅದು ಆಗುತ್ತದೆಯೇ?"

ಮಾನ್ಯರೇ,

ನಾಲ್ಕು ಸಾಲಲ್ಲಿ ಮುಗಿಸಿದ್ದು ನಮ್ಮ ತಪ್ಪು. ಸುದ್ದಿಯ ಸಿಪ್ಪೆ ಅಚ್ಚಾಯಿತು, ತಿರುಳು ನಮ್ಮ ಮೇಜಿನ ಮೇಲೇ ಉಳಿಯಿತು. ಈಗ ಹೇಳುತ್ತೇನೆ. ಫೇರ್‌ಟ್ರೇಡ್ ಅನ್ನುವುದು ಬೆಳೆಗಾರನಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡ ಮಾಲಿಗೆ ಹಾಕುವ ಗುರುತು.

ಗಾರ್‌ಸ್ಟಾಂಗ್ ಲ್ಯಾಂಕಶೈರ್ ಸೀಮೆಯ ಸಂತೆ ಊರು. ಜನಸಂಖ್ಯೆ ನಾಲ್ಕೈದು ಸಾವಿರ, ಸುತ್ತ ಹುಲ್ಲುಗಾವಲು, ಹಸು ಸಾಕುವವರು. ಅಲ್ಲಿ ಬ್ರೂಸ್ ಕ್ರೌಥರ್ ಅಂತ ಒಬ್ಬ ಪಶುವೈದ್ಯರು. ಬಡತನದ ವಿರುದ್ಧ ದುಡಿಯುವ ಆಕ್ಸ್‌ಫ್ಯಾಮ್ ಸಂಸ್ಥೆಯ ಸ್ಥಳೀಯ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಅಂಗಡಿ, ಚರ್ಚು, ಶಾಲೆ ಅಲೆದರು. ಕೇಳುತ್ತಿದ್ದದ್ದು ಇಷ್ಟೇ: ನೀವು ಕೊಳ್ಳುವ ಕಾಫಿ, ಟೀ, ಚಾಕಲೇಟು ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಕ್ಕಿದ್ದೇ ಇರಲಿ. ಬಹಳ ಕಾಲ ಹೆಚ್ಚೇನೂ ಗಿಟ್ಟಲಿಲ್ಲ. 2000ನೇ ಇಸವಿಯಲ್ಲಿ ಅವರು ಭಾಷಣ ಬಿಟ್ಟು ಊಟ ಹಾಕಿಸಿದರು. ವರ್ತಕರು, ಪಾದ್ರಿಗಳು, ಶಾಲಾ ಮುಖ್ಯಸ್ಥರು ಎಲ್ಲರಿಗೂ ಕರೆ ಹೋಯಿತು. ಎಲೆಯ ಮೇಲೆ (ಅಲ್ಲಿ ತಟ್ಟೆಯ ಮೇಲೆ ಅನ್ನಬೇಕೇನೋ) ಬಿದ್ದದ್ದು ಎರಡೇ ಬಗೆಯ ಪದಾರ್ಥ: ದೂರದ ಬೆಳೆಗಾರರ ಫೇರ್‌ಟ್ರೇಡ್ ಮಾಲು, ಸುತ್ತಲಿನ ರೈತರ ಮಾಲು.

ಈ ಎರಡನೆಯದೇ ನನಗೆ ಮುಖ್ಯ ಅನಿಸುವುದು. ಆ ಹೊತ್ತಿಗೆ ಅಲ್ಲಿಯ ಹಾಲಿನವರೂ ಸಂಕಟದಲ್ಲಿದ್ದರು. ದೇಶದ ಹಾಲನ್ನೆಲ್ಲ ಒಟ್ಟಿಗೆ ಕೊಂಡು ಮಾರುತ್ತಿದ್ದ ಮಂಡಳಿಯ ವ್ಯವಸ್ಥೆ 1994ರಲ್ಲಿ ಕೊನೆಯಾಗಿತ್ತು. ಆಮೇಲೆ ರೇಟು ಕುಸಿದು, ಖರ್ಚೂ ಹುಟ್ಟದಂತಾಗಿತ್ತು. ನಿಮಗೆ ಬೇರೇನೋ ನೆನಪಾಗುತ್ತಿರಬೇಕು. ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ತಾನೇ ಮಾರುತ್ತಿದ್ದ ನಮ್ಮ ಕಾಫಿ ಮಂಡಳಿಯ 'ಪೂಲ್' ವ್ಯವಸ್ಥೆ ಸಂಪೂರ್ಣ ಮುಗಿದು, ಬೆಳೆಗಾರ ತನ್ನ ಮೂಟೆಯನ್ನು ತಾನೇ ಮಾರುವಂತಾದದ್ದು 1996ರಲ್ಲಿ. ಮೊದಮೊದಲು ಎಲ್ಲರೂ ಹಬ್ಬ ಮಾಡಿದರು. ನಾಲ್ಕೈದು ವರ್ಷದಲ್ಲಿ ಜಗತ್ತಿನ ರೇಟು ಕುಸಿದಾಗ ಕೈಹಿಡಿಯುವವರು ಯಾರೂ ಇರಲಿಲ್ಲ. ಗಾರ್‌ಸ್ಟಾಂಗಿನ ಹಾಲಿನವರಿಗೆ, ಚಾಕಲೇಟಿಗೆ ಕೋಕೋ ಬೆಳೆಯುವ ಘಾನಾದ ರೈತನ ಕತೆ ಹೊಸದಾಗಿ ಕಾಣದೆ ತಮ್ಮದೇ ಕತೆಯಂತೆ ಕಂಡದ್ದು ಹೀಗೆ. ಬರೀ ಕರುಣೆಯಾಗಿದ್ದರೆ ಊಟ ಜೀರ್ಣವಾಗುವಷ್ಟರಲ್ಲಿ ಇಳಿದುಹೋಗುತ್ತಿತ್ತು.

2000ದ ಏಪ್ರಿಲ್‌ನಲ್ಲಿ ಊರ ಸಭೆ ಸೇರಿ, ಗಾರ್‌ಸ್ಟಾಂಗ್ ಜಗತ್ತಿನ ಮೊದಲ ಫೇರ್‌ಟ್ರೇಡ್ ಊರು ಎಂದು ತಾವೇ ಘೋಷಿಸಿಕೊಂಡರು. ಆಗ ಅಂಥದ್ದೊಂದು ಬಿರುದೇ ಇರಲಿಲ್ಲ! ಬ್ರಿಟನ್ನಿನ ಫೇರ್‌ಟ್ರೇಡ್ ಫೌಂಡೇಶನ್ ಮರುವರ್ಷ ಇದಕ್ಕೆ ನಿಯಮ ಮಾಡಿತು. ಸ್ಥಳೀಯ ಆಡಳಿತ ಠರಾವು ಮಾಡಿ ತನ್ನ ಸಭೆಗಳಲ್ಲಿ ಅದೇ ಕಾಫಿ-ಟೀ ಕೊಡಬೇಕು, ಜನಸಂಖ್ಯೆಗೆ ತಕ್ಕಷ್ಟು ಅಂಗಡಿ, ಹೋಟೆಲುಗಳಲ್ಲಿ ಮಾಲು ಸಿಗಬೇಕು, ಶಾಲೆ, ಚರ್ಚು, ಕಚೇರಿಗಳು ಕೂಡಿಕೊಳ್ಳಬೇಕು, ಪತ್ರಿಕೆಗಳಲ್ಲಿ ಸುದ್ದಿಯಾಗಬೇಕು, ನೋಡಿಕೊಳ್ಳಲು ಸಮಿತಿ ಇರಬೇಕು. ಇವತ್ತು ಅಂಥ ಊರುಗಳು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿವೆ. ಗಾರ್‌ಸ್ಟಾಂಗಿನವರು ಘಾನಾದ ನ್ಯೂ ಕೊಫೊರಿಡುವಾ ಎಂಬ ಕೋಕೋ ಊರಿನೊಂದಿಗೆ ನಂಟು ಬೆಳೆಸಿ ಹೋಗಿಬರಲು ಶುರುಮಾಡಿದರು. ಪಕ್ಕದ ಲ್ಯಾಂಕಾಸ್ಟರ್ ಹದಿನೆಂಟನೇ ಶತಮಾನದಲ್ಲಿ ಆಫ್ರಿಕಾದ ಗುಲಾಮರ ವ್ಯಾಪಾರದ ದೊಡ್ಡ ಬಂದರುಗಳಲ್ಲೊಂದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇನ್ನು ನಿಮ್ಮ ಮೂಟೆಯ ವಿಷಯ. ಫೇರ್‌ಟ್ರೇಡ್‌ನಲ್ಲಿ ಸಿಗುವುದು ಒಂದು ಕನಿಷ್ಠ ಬೆಲೆ, ಮೇಲೆ ಬೆಳೆಗಾರರ ಸಂಘಕ್ಕೆ ಒಂದಿಷ್ಟು ಪ್ರೀಮಿಯಂ, ಅಂದರೆ ಹೆಚ್ಚುವರಿ ಹಣ. 2001ರಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 50 ಸೆಂಟಿಗೂ ಕೆಳಗಿಳಿದಾಗ ಫೇರ್‌ಟ್ರೇಡ್ ಲೆಕ್ಕದಲ್ಲಿ 1 ಡಾಲರ್ 26 ಸೆಂಟು ಇತ್ತು. ಆಗ ಅದು ಮುಳುಗುವವನಿಗೆ ಸಿಕ್ಕ ದೋಣಿ. ಆದರೆ 2023ರಲ್ಲಿ ಪರಿಷ್ಕರಿಸಿದ ದರದಲ್ಲೂ ನಿಮ್ಮ ರೋಬಸ್ಟಾ ಚೆರ್ರಿಗೆ (ಹಣ್ಣನ್ನು ಹಾಗೇ ಒಣಗಿಸಿ ಮಾಡಿದ ಕಾಫಿಗೆ) ಪೌಂಡಿಗೆ ಕನಿಷ್ಠ 1 ಡಾಲರ್ 20 ಸೆಂಟು. 2024ರಲ್ಲಿ ಲಂಡನ್ ಮಾರುಕಟ್ಟೆಯ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, ಅಂದರೆ ಪೌಂಡಿಗೆ ಸುಮಾರು 2 ಡಾಲರ್ 27 ಸೆಂಟು. ಅಂಥ ವರ್ಷ ಆ ಕನಿಷ್ಠ ಬೆಲೆ ಇದ್ದರೆಷ್ಟು, ಬಿಟ್ಟರೆಷ್ಟು. ಮೇಲಾಗಿ ಸಂಘ ಬೆಳೆದದ್ದೆಲ್ಲ ಆ ಗುರುತಿನಡಿ ಮಾರಾಟವಾಗುವುದಿಲ್ಲ, ಕೊಳ್ಳುವವರು ಕೇಳಿದಷ್ಟು ಮಾತ್ರ. ಅಲ್ಲಿಗೆ ನಿಮ್ಮ ಸಂಶಯ ಅರ್ಧ ಸರಿ. ಉಳಿದರ್ಧ ಏಕೆ ತಪ್ಪೆಂದರೆ, ಕೇಳುವವರ ಸಂಖ್ಯೆ ಹೆಚ್ಚುವುದೇ ಗಾರ್‌ಸ್ಟಾಂಗಿನಂಥ ಊರುಗಳಿಂದ.

ಕಾಫಿಯಲ್ಲಿ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಗುರುತು ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ, ದೊಡ್ಡ ಎಸ್ಟೇಟುಗಳಿಗಲ್ಲ. ಆರು ಎಕರೆಯ ನಿಮಗೆ ಬಾಗಿಲು ತೆರೆದಿದೆ, ಸಂಘ ಕಟ್ಟಿದರೆ. ನಿಮ್ಮ ಪತ್ರದಲ್ಲಿ ನಾನು ಹುಡುಕಿ ಕಾಣದ ಒಬ್ಬರಿದ್ದಾರೆ: ಲೈನ್ ಮನೆಯವರು, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿರುವ ಕೂಲಿಯವರು. ಎಸ್ಟೇಟಿನಲ್ಲಿ ಕೂಲಿಗೆ ಹಣ್ಣು ಕೊಯ್ಯುವ ಹೆಂಗಸಿಗೆ ಈ ಸಂಘದ ಪ್ರೀಮಿಯಂ ಮುಟ್ಟುವುದೇ ಇಲ್ಲ. ಅಮೆರಿಕದ ಫೇರ್ ಟ್ರೇಡ್ ಸಂಸ್ಥೆ ಈ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಕೂಟದಿಂದ 2011ರಲ್ಲಿ ಹೊರಬಂದದ್ದರ ಹಿಂದೆ ಎಸ್ಟೇಟುಗಳನ್ನೂ ಸೇರಿಸಬೇಕೆಂಬ ಈ ಜಗಳವೇ ಇತ್ತು. ಸೇರಿಸಿದರೆ ಕೂಲಿಯವರಿಗೆ ಅನುಕೂಲ, ಆದರೆ ಸಣ್ಣ ಸಂಘಗಳು ದೊಡ್ಡ ತೋಟಗಳ ಎದುರು ನಿಲ್ಲಲಾರವು ಎಂಬುದು ಇನ್ನೊಂದು ಕಡೆಯವರ ವಾದ. ನನಗೆ ಎರಡೂ ಕಡೆ ಅರ್ಥವಾಗುತ್ತದೆ, ಮನಸ್ಸು ಮಾತ್ರ ಕೊಯ್ಯುವವಳ ಕಡೆಗೆ ವಾಲುತ್ತದೆ.

ನಿಮ್ಮೂರಲ್ಲಿ ಆಗುತ್ತದೆಯೇ ಎಂದಿರಿ. ಫಲಕ ಬೇಡ, ಊಟದಿಂದ ಶುರುಮಾಡಿ. ಬೆಳೆಗಾರರು, ಹಣ್ಣು ಕೊಂಡು ಹೋಗುವ ವ್ಯಾಪಾರಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವ ಕ್ಯೂರಿಂಗ್ ವರ್ಕ್ಸಿನವರು, ಹೋಟೆಲಿನವರು, ಲೈನ್ ಮನೆಯ ಇಬ್ಬರು ಹೆಂಗಸರು ಒಂದೇ ಪಂಕ್ತಿಯಲ್ಲಿ ಕೂರಲಿ. ಔಟ್‌ಟರ್ನ್ (ಒಂದು ಮೂಟೆಯಿಂದ ಎಷ್ಟು ಬೀಜ ಸಿಗುತ್ತದೆಂಬ ಲೆಕ್ಕ) ಹೇಗೆ ಕಟ್ಟುತ್ತಾರೆ, ಕಿಲೋ ಹಣ್ಣು ಕೊಯ್ದರೆ ಎಷ್ಟು ಕೊಡುತ್ತಾರೆ, ಅದೇ ಕಾಫಿಯ ಪುಡಿ ಊರ ಅಂಗಡಿಯಲ್ಲಿ ಎಷ್ಟಕ್ಕೆ ಮಾರುತ್ತಾರೆ ಎಂಬ ಮೂರು ಲೆಕ್ಕ ಎಲ್ಲರೆದುರು ಬಾಯಿಬಿಟ್ಟು ಹೇಳಲಿ. ನಿಮ್ಮಲ್ಲಿ ರೋಬಸ್ಟಾ ಕೊಯ್ಲು ಜೋರಾಗುವುದು ಜನವರಿಗೆ. ಅಷ್ಟರೊಳಗೆ ಆ ಲೆಕ್ಕ ಬರೆದು ಕಳಿಸಿ, ಒಂದು ಅಂಕಿಯನ್ನೂ ಬಿಡದೆ ಅಚ್ಚು ಹಾಕುತ್ತೇವೆ. ಈ ಸಲ ನಾಲ್ಕು ಸಾಲಲ್ಲಿ ಮುಗಿಸುವುದಿಲ್ಲ.

- ಸಂ.