ಚಿಕ್ಕಮಗಳೂರಿನ ಜನಸಂಖ್ಯೆ ಇಳಿದದ್ದು ‘ಐದನೆಯ ಹಂತ’ದಿಂದಲ್ಲ

2001 ಮತ್ತು 2011ರ ಜನಗಣತಿಗಳ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇಳಿದಿರುವುದರಿಂದ, ಅದನ್ನು ಜನಸಂಖ್ಯಾ ಪರಿವರ್ತನೆಯ ಐದನೆಯ ಹಂತಕ್ಕೆ ಉದಾಹರಣೆಯಾಗಿ ಎಂ.ಎ. ಕಿರುಪ್ರಬಂಧದಲ್ಲಿ ಬಳಸಬಹುದೇ, ಇಲ್ಲವೇ ಹಾಸನವನ್ನು ನಾಲ್ಕನೆಯ ಹಂತಕ್ಕೆ ಉದಾಹರಣೆಯಾಗಿ ಆಯ್ದುಕೊಳ್ಳುವುದು ಮೇಲೇ ಎಂದು ಕೇಳಿದ್ದೀರಿ. ಜನನ, ಮರಣ ದರಗಳು ಕಾಲಕ್ರಮದಲ್ಲಿ ಇಳಿಯುವುದನ್ನು ಹಂತಗಳಾಗಿ ವಿಂಗಡಿಸುವ ಈ ಸಿದ್ಧಾಂತದಲ್ಲಿ ನಾಲ್ಕನೆಯದು ಎರಡೂ ಕಡಿಮೆಯಾಗಿ ಹೆಚ್ಚುಕಡಿಮೆ ಸಮನಾಗುವ ಹಂತ, ಐದನೆಯದು ಜನನಕ್ಕಿಂತ ಮರಣ ಹೆಚ್ಚಾಗುವ ಹಂತ. ನಾನೂ ಇದೇ ಜಿಲ್ಲೆಯನ್ನು, ಇದೇ ಹಂತವನ್ನು ಹಿಡಿದುಕೊಂಡು ಕಿರುಪ್ರಬಂಧ ಬರೆದವನು. ಅದು ಮೌಖಿಕ ಪರೀಕ್ಷೆಯಲ್ಲಿ ತಿರಸ್ಕೃತವಾಯಿತು.

ನಾನು ಮೂಡಿಗೆರೆ ಕಡೆಯವನು. ತಂದೆ ಕಾಫಿ ಎಸ್ಟೇಟೊಂದರಲ್ಲಿ ರೈಟರಾಗಿದ್ದರು, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತರು. 2011ರ ಅಂಕಿಅಂಶಗಳು ಹೊರಬಂದ ಕೆಲವು ವರ್ಷಗಳಲ್ಲಿ ನಾನು ಎಂ.ಎ. ಓದುತ್ತಿದ್ದೆ. ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿದಿತ್ತು. ಇಡೀ ರಾಜ್ಯ ಆ ದಶಕದಲ್ಲಿ ಶೇಕಡಾ 15.6ರಷ್ಟು ಬೆಳೆದಿದ್ದಾಗ ನಮ್ಮ ಜಿಲ್ಲೆಯ ಬೆಳವಣಿಗೆ ದರದ ಮುಂದೆ ಮೈನಸ್ ಚಿಹ್ನೆ ಇತ್ತು. ಇನ್ನೊಂದೆಡೆ, 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆಗೆ ಜೀವಮಾನದಲ್ಲಿ ಹುಟ್ಟುವ ಸರಾಸರಿ ಮಕ್ಕಳ ಸಂಖ್ಯೆ) 2.1ರ ಆಸುಪಾಸಿಗೆ ಬಂದಿತ್ತು. ಅಂದರೆ ಒಂದು ತಲೆಮಾರು ತನ್ನ ಜಾಗಕ್ಕೆ ಇನ್ನೊಂದು ತಲೆಮಾರನ್ನು ತುಂಬಿ ಹೋಗುವ ಮಟ್ಟಕ್ಕೆ ಇಳಿದಿತ್ತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಮಕ್ಕಳು ಹುಟ್ಟುವುದು ಕಡಿಮೆಯಾದದ್ದರಿಂದಲೇ ಜನ ಕಡಿಮೆಯಾದರು ಎಂದು ನಾನು ತೀರ್ಮಾನಿಸಿದೆ. ನಡುವೆ ಒಂದು ಲೆಕ್ಕ ಮಾಡಬೇಕಿತ್ತು, ಮಾಡಲಿಲ್ಲ.

ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ಆ ಹತ್ತು ವರ್ಷಗಳಲ್ಲಿ ನಿಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗಿಂತ ಸತ್ತವರು ಹೆಚ್ಚೇ?” ನನ್ನ ಬಳಿ ಉತ್ತರವಿರಲಿಲ್ಲ. ಕಿರುಪ್ರಬಂಧವನ್ನು ಹೊಸದಾಗಿ ಬರೆದು ಕೊಡಬೇಕಾಯಿತು, ಪದವಿ ತಡವಾಯಿತು, ಆ ವರ್ಷ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುವ ಅರ್ಹತೆಯೇ ತಪ್ಪಿತು.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ. ಒಂದು ಪ್ರದೇಶದ ಜನಸಂಖ್ಯೆ ಬದಲಾಗುವುದು ನಾಲ್ಕೇ ಕಾರಣಗಳಿಂದ: ಜನನ, ಮರಣ, ಬಂದವರು, ಹೋದವರು. ಜನನದಲ್ಲಿ ಮರಣವನ್ನು ಕಳೆದರೆ ಸಿಗುವುದು ಸ್ವಾಭಾವಿಕ ಹೆಚ್ಚಳ. ಬಂದವರಲ್ಲಿ ಹೋದವರನ್ನು ಕಳೆದರೆ ಸಿಗುವುದು ನಿವ್ವಳ ವಲಸೆ. ಜನಗಣತಿಯ ದಶಕದ ಬೆಳವಣಿಗೆ ದರ ಇವೆರಡರ ಮೊತ್ತ. ಪರಿವರ್ತನೆ ಸಿದ್ಧಾಂತವಾದರೋ ಜನನ ಮತ್ತು ಮರಣ ದರಗಳನ್ನು ಮಾತ್ರ ನೋಡುತ್ತದೆ. ವಲಸೆಗೆ ಅದರಲ್ಲಿ ಜಾಗವಿಲ್ಲ. ಮೊತ್ತವನ್ನು ನೋಡಿ ಹಂತವನ್ನು ಹೇಳಲು ಹೊರಟಾಗಲೇ ದಾರಿ ತಪ್ಪುತ್ತದೆ. ಜರ್ಮನಿಯನ್ನು ನೋಡಿ: 1972ರಿಂದ ಅಲ್ಲಿ ಪ್ರತಿ ವರ್ಷವೂ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು, ಆದರೂ ಹೊರಗಿನಿಂದ ಬಂದವರಿಂದಾಗಿ ಆ ದೇಶದ ಜನಸಂಖ್ಯೆ ಅಂದಿಗಿಂತ ಇಂದು ಹೆಚ್ಚಾಗಿದೆ. ಐದನೆಯ ಹಂತದಲ್ಲಿರುವ ದೇಶ ಬೆಳೆಯಬಹುದು, ಐದನೆಯ ಹಂತದಿಂದ ದೂರವಿರುವ ಜಿಲ್ಲೆ ಕುಗ್ಗಬಹುದು.

ತಪ್ಪಿನ ಇನ್ನರ್ಧ ಫಲವತ್ತತೆಗೆ ಸಂಬಂಧಿಸಿದ್ದು. ಒಟ್ಟು ಫಲವತ್ತತೆ ದರ 2.1ಕ್ಕಿಂತ ಕೆಳಗಿಳಿದ ಕೂಡಲೇ ಜನಸಂಖ್ಯೆ ಇಳಿಯುವುದಿಲ್ಲ. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ ಕಾಲದ ಹೆಣ್ಣುಮಕ್ಕಳು ಈಗ ತಾಯಂದಿರಾಗುವ ವಯಸ್ಸಿನಲ್ಲಿರುತ್ತಾರೆ. ಒಬ್ಬೊಬ್ಬರಿಗೆ ಎರಡಕ್ಕಿಂತ ಕಡಿಮೆ ಮಕ್ಕಳಾದರೂ ತಾಯಂದಿರೇ ಹೆಚ್ಚಿರುವುದರಿಂದ ಒಟ್ಟು ಜನನಗಳು ಮರಣಗಳನ್ನು ಮೀರುತ್ತಲೇ ಇರುತ್ತವೆ. ಇದನ್ನು ಜನಸಂಖ್ಯಾ ಆವೇಗ ಎನ್ನುತ್ತಾರೆ, ಇದು ದಶಕಗಳ ಕಾಲ ಎಳೆಯುತ್ತದೆ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ದರ 1.7ಕ್ಕೆ ಬಂದಿದೆ, ಹಾಗಿದ್ದೂ ರಾಜ್ಯದಲ್ಲಿ ಹುಟ್ಟುವವರೇ ಹೆಚ್ಚು.

ತಿರಸ್ಕಾರದ ನಂತರ ಊರಿಗೆ ಬಂದಾಗ ನಾನು ಮೊದಲು ತೆಗೆದು ನೋಡಿದ್ದು ತಂದೆಯ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು, ಅಂದರೆ ಎಸ್ಟೇಟಿನ ಕೂಲಿಯಾಳುಗಳ ಹಾಜರಿ ಪುಸ್ತಕಗಳನ್ನು. ಲೈನು ಮನೆಗಳ (ಕೂಲಿಯಾಳುಗಳ ಸಾಲುಮನೆಗಳ) ಒಂದೊಂದು ಸಂಸಾರದ ಹೆಸರೂ ವರ್ಷದಿಂದ ವರ್ಷಕ್ಕೆ ಅದೇ ಕ್ರಮದಲ್ಲಿ ಬರುತ್ತಿತ್ತು: ಗಂಡ, ಹೆಂಡತಿ, ಕೆಲವೆಡೆ ಗಂಡನ ತಾಯಿ. ಮಕ್ಕಳು ದೊಡ್ಡವರಾದ ಮೇಲೆ ಅವರ ಹೆಸರು ಕೆಳಗೆ ಸೇರಬೇಕಿತ್ತು, ಸೇರುತ್ತಿರಲಿಲ್ಲ. ಅವರೆಲ್ಲ ಬೆಂಗಳೂರಿನ ಗಾರ್ಮೆಂಟ್ಸ್‌ಗೋ ಮಂಗಳೂರಿನ ಹೋಟೆಲುಗಳಿಗೋ ಹೋಗಿದ್ದರು. ಕಾಫಿ ಬೆಲೆ ನೆಲಕಚ್ಚಿದ 2000ದ ನಂತರದ ಕೆಲವು ವರ್ಷಗಳಲ್ಲಂತೂ ಇಡೀ ಸಂಸಾರಗಳ ಹೆಸರಿನ ಮೇಲೆ ತಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ನಮ್ಮ ಚಿಕ್ಕಮ್ಮ ಅಂಗನವಾಡಿ ಕಾರ್ಯಕರ್ತೆ. ಅವರ ವಹಿಯಲ್ಲಿ ಜನನದ ಪುಟ ಮರಣದ ಪುಟಕ್ಕಿಂತ ಉದ್ದವಾಗಿಯೇ ಇತ್ತು. ನನ್ನ ಕಿರುಪ್ರಬಂಧದ ವಾದವನ್ನು ಸುಳ್ಳಾಗಿಸುವ ಸಾಕ್ಷ್ಯ ನಮ್ಮ ಮನೆಯಲ್ಲೇ ಇತ್ತು.

ಇದನ್ನು ಅಂಕಿಗಳಲ್ಲಿ ತೋರಿಸಲು ಶೇಷ ವಿಧಾನ ಸಾಕು: ಒಟ್ಟು ಬದಲಾವಣೆಯಲ್ಲಿ ಸ್ವಾಭಾವಿಕ ಹೆಚ್ಚಳವನ್ನು ಕಳೆದರೆ ಉಳಿಯುವುದೇ ನಿವ್ವಳ ವಲಸೆ. ಜಿಲ್ಲೆಯ ಸ್ವಾಭಾವಿಕ ಹೆಚ್ಚಳ ವರ್ಷಕ್ಕೆ ಸಾವಿರಕ್ಕೆ 8 ಎಂದು ಅಭ್ಯಾಸಕ್ಕಾಗಿ ಇಟ್ಟುಕೊಳ್ಳಿ. (ಸಾವಿರಕ್ಕೆ 8 ಎಂದರೆ ಶೇಕಡಾ 0.8, ಈ ಎರಡು ಮಾನಗಳನ್ನು ಬೆರೆಸಿ ಉತ್ತರವನ್ನು ಹತ್ತು ಪಟ್ಟು ಹಿಗ್ಗಿಸಿದವರನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ನೋಡುತ್ತೇನೆ.) ಯಾರೂ ಬರದೆ, ಯಾರೂ ಹೋಗದೆ ಇದ್ದಿದ್ದರೆ ಹತ್ತು ವರ್ಷಗಳಲ್ಲಿ ಸುಮಾರು 94,600 ಜನ ಸೇರಬೇಕಿತ್ತು. ಸೇರುವುದಿರಲಿ, 2,944 ಜನ ಕಡಿಮೆಯಾದರು. ಹಾಗಾದರೆ ಬಂದವರನ್ನು ಕಳೆದು ಹೊರಗೆ ಹೋದವರು ಸುಮಾರು 97,500. ಸಾವಿರಕ್ಕೆ 8 ಎಂಬ ನನ್ನ ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದರೆ ಸುಮಾರು ಮೂರು ಸಾವಿರದಷ್ಟು ಇಳಿಕೆಯ ಹಿಂದೆ ಅದರ ಹತ್ತಾರು ಪಟ್ಟು ದೊಡ್ಡದಾದ ಚಲನೆ ಅಡಗಿರಬಹುದು ಎಂಬುದು ಇದರಿಂದ ಕಾಣುತ್ತದೆ.

ಇದೇ ನೆಲದಲ್ಲಿ ಬೇರೆ ಕಾರಣದ ಇಳಿಕೆಯೂ ಆಗಿದೆ. ಮಲೆನಾಡಿನ ಹಳ್ಳಿಗಳನ್ನು ಹಿಂದೆ ಮಲೇರಿಯಾ ಬರಿದು ಮಾಡಿತ್ತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಗೆ ಡಿ.ಡಿ.ಟಿ. ಹೊಡೆದ ಮೇಲೆ ಅದು ಹಿಡಿತಕ್ಕೆ ಬಂತು. 1911ರಿಂದ 1921ರ ನಡುವೆ ಇಡೀ ಭಾರತದ ಜನಸಂಖ್ಯೆಯೇ ಶೇಕಡಾ 0.31ರಷ್ಟು ಇಳಿಯಿತು, ಮುಖ್ಯವಾಗಿ 1918ರ ಇನ್‌ಫ್ಲುಯೆಂಜಾದಿಂದ. ಅವು ಸಾವಿನಿಂದಾದ ಇಳಿಕೆಗಳು, ಜಪಾನಿನದು ಇಂದು ಜನನದ ಕೊರತೆಯಿಂದಾಗುತ್ತಿರುವುದು, ನಮ್ಮ ಜಿಲ್ಲೆಯದು ಜನ ಹೊರಟುಹೋದದ್ದರಿಂದಾದದ್ದು. ಮೂರಕ್ಕೂ ಬರೆಯುವ ಚಿಹ್ನೆ ಒಂದೇ ಮೈನಸ್.

ಹಾಸನವನ್ನು ಆಯ್ದುಕೊಂಡರೂ ಈ ತೊಡಕು ತಪ್ಪುವುದಿಲ್ಲ. ಅದು 17,21,669ರಿಂದ 17,76,421ಕ್ಕೆ, ಅಂದರೆ ಶೇಕಡಾ 3.18ರಷ್ಟು ಬೆಳೆದಿದೆ, ರಾಜ್ಯದ ದರದ ಮುಂದೆ ಅದೂ ತೀರ ಕಡಿಮೆ, ಅಲ್ಲಿಯೂ ಕೇಳಬೇಕಾದದ್ದು ಹೊರವಲಸೆಯ ಪ್ರಶ್ನೆಯನ್ನೇ. 2011ರಲ್ಲಿ ಸಾವಿರ ಪುರುಷರಿಗೆ ಹಾಸನದಲ್ಲಿ 1,010, ಚಿಕ್ಕಮಗಳೂರಿನಲ್ಲಿ 1,008 ಮಹಿಳೆಯರಿದ್ದರು. ರಾಜ್ಯದ ಸರಾಸರಿ 973. ಅದೇ ದಶಕದಲ್ಲಿ ಶೇಕಡಾ 47ರಷ್ಟು ಬೆಳೆದ ಬೆಂಗಳೂರು ನಗರ ಜಿಲ್ಲೆಯಲ್ಲಿ 916. ದುಡಿಯುವ ವಯಸ್ಸಿನ ಗಂಡಸರು ಯಾವ ದಿಕ್ಕಿಗೆ ಹೋದರು ಎಂಬುದಕ್ಕೆ ಇದು ಸುಳಿವು, ಪುರಾವೆಯಲ್ಲ. ಹೆಂಗಸರು ಹೆಚ್ಚು ಕಾಲ ಬದುಕುವುದೂ ಈ ಅನುಪಾತವನ್ನು ಏರಿಸುತ್ತದೆ. ಅದಕ್ಕಾಗಿ ವಯೋವರ್ಗವಾರು ಲಿಂಗಾನುಪಾತವನ್ನು ತೆಗೆದು, 20ರಿಂದ 34ರ ವರ್ಗವನ್ನು ಬೇರೆಯಾಗಿ ನೋಡಿ.

ಜನನ ನೋಂದಣಿಯ ಅಂಕಿಗಳನ್ನು ಬಳಸುವಾಗ ಎಚ್ಚರವಿರಲಿ. ನಮ್ಮಲ್ಲಿ ಜನನ ನೋಂದಣಿಯಾಗುವುದು ಹೆರಿಗೆಯಾದ ಸ್ಥಳದಲ್ಲಿ, ತಾಯಿ ವಾಸಿಸುವ ಸ್ಥಳದಲ್ಲಲ್ಲ. ಮೂಡಿಗೆರೆಯ ಸೊಸೆ ತವರಿಗೆಂದು ಬೇಲೂರಿಗೆ ಹೋಗಿ, ಹಾಸನದ ಆಸ್ಪತ್ರೆಯಲ್ಲಿ ಹೆತ್ತರೆ ಆ ಮಗು ಹಾಸನದ ಲೆಕ್ಕಕ್ಕೆ ಸೇರುತ್ತದೆ. ವಲಸೆಗೆ ಜನಗಣತಿಯ ಡಿ ಸರಣಿಯ ಕೋಷ್ಟಕಗಳಿವೆ; ಹಿಂದಿನ ವಾಸಸ್ಥಳವೂ ಬಂದ ಕಾರಣವೂ ಅವುಗಳಲ್ಲಿ ಸಿಗುತ್ತವೆ. ಮಹಿಳೆಯರ ವಲಸೆಯಲ್ಲಿ ಮದುವೆಯೇ ದೊಡ್ಡ ಕಾರಣವಾಗಿ ಕಾಣುವುದರಿಂದ ಗಂಡು-ಹೆಣ್ಣಿನ ಅಂಕಿಗಳನ್ನು ಒಟ್ಟಾಗಿಸಬೇಡಿ.

ನನ್ನ ಅಭಿಪ್ರಾಯ ಖಂಡಿತವಾದದ್ದು: ಹಂತದ ಮಾತನ್ನು ಶೀರ್ಷಿಕೆಯಿಂದಲೇ ತೆಗೆದುಹಾಕಿ. ಜಿಲ್ಲೆ ಯಾವುದಾದರೂ ಆಗಲಿ, ಒಳಗಿನ ಒಂದು ಮಲೆನಾಡಿನ ತಾಲ್ಲೂಕನ್ನೂ ಒಂದು ಬಯಲುಸೀಮೆಯ ತಾಲ್ಲೂಕನ್ನೂ ಹೋಲಿಸಿ. ಕೊಪ್ಪ ಮತ್ತು ಕಡೂರು, ಇಲ್ಲವೇ ಸಕಲೇಶಪುರ ಮತ್ತು ಅರಸೀಕೆರೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕವಾಗಿ ನಿಗದಿಯಾಗಿದೆ. ಅದರ ಅಂಕಿಗಳು ಬರುವವರೆಗೆ ನೀವು ಬರೆಯುವ ಪ್ರತಿಯೊಂದು ವಾಕ್ಯವೂ 2001–2011ರ ಕುರಿತದ್ದು. ಶೀರ್ಷಿಕೆಯಲ್ಲಿ ಆ ಅವಧಿಯನ್ನು ತಪ್ಪದೆ ನಮೂದಿಸಿ.