ಫೈರ್‌ಬ್ಯಾಕ್ ಅಂದರೆ ಕೋಳಿಯೋ, ಕಬ್ಬಿಣದ ಹಲಗೆಯೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತೇನೆ. ಹೊರದೇಶದ ಒಂದು ಆರ್ಡರಿನ ಡ್ರಾಯಿಂಗ್ ಮೇಲೆ ‘ಫೈರ್‌ಬ್ಯಾಕ್’ ಅಂತ ಬರೆದಿದೆ. ಮೊಬೈಲಿನಲ್ಲಿ ಹುಡುಕಿದರೆ ಬಣ್ಣದ ಕೋಳಿಗಳೇ ಬರುತ್ತವೆ. ನಾವು ಎರಕ ಹೊಯ್ಯುತ್ತಿರುವುದು ಏನನ್ನು?
– ಓದುಗರು, ಬೆಳಗಾವಿ

ಉತ್ತರ: ನೀವು ಹೊಯ್ಯುತ್ತಿರುವುದು ಬೆಂಕಿಯ ಹಿಂದೆ ನಿಲ್ಲಿಸುವ ಬೀಡು ಕಬ್ಬಿಣದ ಹಲಗೆ. ಚಳಿ ದೇಶಗಳ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಅಗ್ಗಿಷ್ಟಿಕೆ ಇರುತ್ತದೆ. ಅಲ್ಲಿ ದಿನವೂ ಸೌದೆ ಉರಿದರೆ ಹಿಂದಿನ ಇಟ್ಟಿಗೆ ಸಡಿಲಾಗಿ ಉದುರುತ್ತದೆ. ಈ ಹಲಗೆ ಆ ಪೆಟ್ಟು ತಾನು ತಿಂದು ಗೋಡೆ ಉಳಿಸುತ್ತದೆ. ಇನ್ನೊಂದು ಕೆಲಸವೂ ಇದೆ. ಕಾದ ಕಬ್ಬಿಣ ಶಾಖವನ್ನು ಕೋಣೆಯ ಕಡೆಗೆ ತಿರುಗಿಸುತ್ತದೆ, ಬೆಂಕಿ ಇಳಿದ ಮೇಲೂ ಬಹಳ ಹೊತ್ತು ಬಿಸಿ ಕೊಡುತ್ತಲೇ ಇರುತ್ತದೆ. ಅದಕ್ಕೇ ಇದು ದಪ್ಪಗಿರಬೇಕು. ಅಂದಕ್ಕೆ ಅಂತ ತೆಳ್ಳಗೆ ಮಾಡಿದ ಹಲಗೆ ನನ್ನ ಪ್ರಕಾರ ಫೈರ್‌ಬ್ಯಾಕೇ ಅಲ್ಲ.

ನಿಮ್ಮ ಕಸುಬಿನವರಿಗೆ ಇದರ ಚರಿತ್ರೆ ಗೊತ್ತಿರಲೇಬೇಕು. ಇಂಗ್ಲೆಂಡಿನ ಸಸೆಕ್ಸ್ ಕಡೆಯ ವೀಲ್ಡ್ ಪ್ರದೇಶಕ್ಕೆ 15ನೇ ಶತಮಾನದ ಕೊನೆಗೆ ಊದುಕುಲುಮೆ (ಗಾಳಿ ಊದಿ ಅದಿರಿನಿಂದ ಕಬ್ಬಿಣ ಕರಗಿಸುವ ದೊಡ್ಡ ಕುಲುಮೆ) ಬಂತು, ಆಮೇಲೆ ಅಲ್ಲಿ ಈ ಹಲಗೆಗಳ ಎರಕ ಜೋರಾಗಿ ನಡೆಯಿತು. ಅಚ್ಚು ಮುಚ್ಚುವ ಮೇಲಿನ ಬಾಕ್ಸ್ ಇಲ್ಲ, ಒಳಗೆ ಟೊಳ್ಳು ಬಿಡಿಸುವ ಕೋರ್ ಇಲ್ಲ. ನೆಲದ ಮೇಲೆ ಹಸಿ ಉಸುಕು ಹಾಸಿ, ಮರದ ಪ್ಯಾಟರ್ನ್ (ಮಾದರಿ) ಒತ್ತಿ ತೆಗೆದು, ಕರಗಿದ ಕಬ್ಬಿಣವನ್ನು ತೆರೆದ ಅಚ್ಚಿಗೇ ಬಿಡುತ್ತಿದ್ದರು. ಒಂದು ಮುಖ ಚಿತ್ರ, ಇನ್ನೊಂದು ಮುಖ ಒರಟು. ಅಂಚಿಗೆ ಹಗ್ಗದ ತುಂಡನ್ನೇ ಉಸುಕಿಗೆ ಒತ್ತಿ ವಿನ್ಯಾಸ ಮಾಡಿದ ಹಲಗೆಗಳು ಇವತ್ತಿಗೂ ಸಿಗುತ್ತವೆ, ಹಗ್ಗದ ಹುರಿ ಕೂಡ ಎಣಿಸಬಹುದು. 1636ರಲ್ಲಿ ಬ್ರೀಡ್ ಎಂಬ ಊರಿನ ಕುಲುಮೆಯ ಎರಕದವನು ರಿಚರ್ಡ್ ಲೆನಾರ್ಡ್ ತನ್ನದೇ ಚಿತ್ರ, ಹೆಸರು, ಇಸವಿ, ಸುತ್ತ ತನ್ನ ಕಸುಬಿನ ಸಾಮಾನು ಎಲ್ಲ ಸೇರಿಸಿ ಒಂದು ಹಲಗೆ ಹೊಯ್ದ. ರಾಜರ, ಜಮೀನ್ದಾರರ ಲಾಂಛನವೇ ತುಂಬಿದ್ದ ಕಾಲದಲ್ಲಿ ಒಬ್ಬ ಕೆಲಸಗಾರ ತನ್ನನ್ನೇ ಕಬ್ಬಿಣದಲ್ಲಿ ನಿಲ್ಲಿಸಿದ. ಇಷ್ಟು ಹಲಗೆಗಳಲ್ಲಿ ನನಗೆ ಅತಿ ಪ್ರೀತಿಯದು ಇದೇ.

ಫ್ರಾನ್ಸಿನಲ್ಲಂತೂ ಇದು ರಾಜಕೀಯಕ್ಕೇ ಸಿಕ್ಕಿಕೊಂಡಿತು. ಕ್ರಾಂತಿಯ ಸಮಯ, 1793ರಲ್ಲಿ, ರಾಜಲಾಂಛನ ಇರುವ ಹಲಗೆಗಳನ್ನು ತಿರುಗಿಸಿ ಚಿತ್ರ ಗೋಡೆ ಕಡೆಗೆ ಮಾಡಿ ಎಂದು ಅಪ್ಪಣೆಯಾಯಿತು. ಜರ್ಮನಿಯ ಐಫೆಲ್, ಪಕ್ಕದ ಲಕ್ಸೆಂಬರ್ಗ್ ಕಡೆ ಇನ್ನೂ ಜಾಣ ಉಪಾಯ ಇತ್ತು: ಅಡುಗೆಮನೆ ಒಲೆಯ ಹಿಂದಿನ ಗೋಡೆ ಒಡೆದು ಅಲ್ಲಿ ಈ ಹಲಗೆ ಕೂರಿಸಿದರೆ ಒಂದೇ ಬೆಂಕಿಗೆ ಆಚೆಯ ಕೋಣೆಯೂ ಬೆಚ್ಚಗಾಗುತ್ತದೆ, ಅದೂ ಹೊಗೆ ಇಲ್ಲದೆ.

ಪ್ರಶ್ನೆ: ಹಾಗಾದರೆ ಫೈರ್‌ಬ್ಯಾಕ್ ಕೋಳಿ ಯಾವುದು? ನಮ್ಮ ಭೀಮಗಡ ಕಾಡಿನಲ್ಲಿ ಕಾಣಿಸುತ್ತದಾ?
– ಓದುಗರು, ಖಾನಾಪುರ

ಉತ್ತರ: ಇಲ್ಲ, ಅವು ಆಗ್ನೇಯ ಏಷ್ಯಾದ ಕಾಡಿನವು. ಫೆಸೆಂಟ್ ಜಾತಿಯ, ಅಂದರೆ ಕೋಳಿ ಬಳಗದ ಹಕ್ಕಿಗಳು. ಸಯಾಮಿ ಫೈರ್‌ಬ್ಯಾಕ್ ಥಾಯ್ಲೆಂಡಿನ ರಾಷ್ಟ್ರೀಯ ಪಕ್ಷಿ. ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂನಲ್ಲೂ ಇದೆ. ಹುಂಜದ ಮೈ ಬೂದು, ಮುಖ ಕೆಂಪು, ತಲೆ ಮೇಲೆ ಹಿಂದಕ್ಕೆ ಬಾಗಿದ ಕಪ್ಪು ಜುಟ್ಟು. ರೆಕ್ಕೆ ಬಿಚ್ಚಿದಾಗ ಬೆನ್ನಿನ ಕೆಳಗಿನ ಹೊಂಬಣ್ಣ ಚೆನ್ನಾಗಿ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ. ಮಲಯಾ, ಸುಮಾತ್ರಾ, ಬೋರ್ನಿಯೊ ಕಡೆಯ ಜುಟ್ಟಿನ ಫೈರ್‌ಬ್ಯಾಕಿಗೆ ಮುಖ ನೀಲಿ. ಜುಟ್ಟಿಲ್ಲದ ಜಾತಿಗಳೂ ಇವೆ. ಇವು ಬದುಕುವುದು ತಗ್ಗಿನ ಮಳೆಕಾಡಿನಲ್ಲಿ, ಎಣ್ಣೆತಾಳೆ ತೋಟಕ್ಕೆ ಅಂತ ಮೊದಲು ಕಡಿಯುವುದೂ ಅದೇ ಕಾಡನ್ನು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಇವುಗಳ ಹತ್ತಿರದ ಬಂಧು ಕಾಲಿಜ್ ಫೆಸೆಂಟ್ ನಮ್ಮ ಹಿಮಾಲಯದಲ್ಲಿದೆ. ಭೀಮಗಡದಲ್ಲಿ ನೀವು ನೋಡಬಹುದಾದ ನೆಂಟರು ಅಂದರೆ ಬೂದು ಕಾಡುಕೋಳಿ, ನವಿಲು. ಬೆಳಿಗ್ಗೆ ಬೇಗ, ಸದ್ದು ಮಾಡದೆ ಹೋಗಿ. ಬೆನ್ನ ಮೇಲೆ ಹೊನ್ನಿನ ಬಣ್ಣವೇ ಬೇಕು ಅಂದರೆ ಹೊಂಬೆನ್ನಿನ ಮರಕುಟಿಗ ಇದ್ದೇ ಇದೆ. ಅದು ಬೇರೆ ಕುಲದ್ದು, ಆದರೆ ಊರ ಹತ್ತಿರದ ದೊಡ್ಡ ಮರಗಳಲ್ಲೇ ಸಿಗುತ್ತದೆ.

ಪ್ರಶ್ನೆ: ನಮ್ಮ ಹಂಡೆ ಒಲೆಯ ಹಿಂದಿನ ಗೋಡೆ ಬಿರುಕು ಬಿಟ್ಟಿದೆ. ಇಂಥ ಹಲಗೆ ಹಾಕಿಸಬಹುದಾ?
– ಓದುಗರು, ವಿಜಯಪುರ

ಉತ್ತರ: ಬೇಡ. ಅಗ್ಗಿಷ್ಟಿಕೆ ಕೋಣೆ ಕಾಯಿಸಲು, ನಿಮ್ಮ ಒಲೆ ನೀರು ಕಾಯಿಸಲು. ದಪ್ಪ ಕಬ್ಬಿಣ ಮೊದಲು ತಾನು ಕಾಯುತ್ತದೆ, ಅಷ್ಟು ಸೌದೆ ಸುಮ್ನೆ ಜಾಸ್ತಿ ಖರ್ಚು. ಬಿರುಕಿನ ಜಾಗದಲ್ಲಿ ಫೈರ್ ಬ್ರಿಕ್ (ಬೆಂಕಿ ತಡೆಯುವ ಇಟ್ಟಿಗೆ) ಕೂರಿಸಿ ಒಲೆಗೆ ಹಚ್ಚುವ ಮಣ್ಣು ಮೆತ್ತಿಸಿ, ಸಾಕು. ಹಾಕಿಸಿಯೇ ಬಿಟ್ಟರೆ ಎರಡು ಮಾತು: ಮೊದಲ ಸಲ ಸಣ್ಣ ಉರಿ ಇಡಿ, ಮತ್ತು ಕಾದ ಹಲಗೆಗೆ ತಣ್ಣೀರು ಬೀಳದಂತೆ ನೋಡಿಕೊಳ್ಳಿ. ಬೀಡು ಥಟ್ಟನೆ ತಣ್ಣಗಾದರೆ ಸೀಳುತ್ತದೆ. ಹಂಡೆಯ ಪಕ್ಕ ನೀರು ಚೆಲ್ಲುವುದು ದಿನದ ಮಾತಲ್ವಾ?